ಸೀಲು ಬಿದ್ದ ಬೈಗುಳ

ಹಿಂದೂಪುರದ ನಮ್ಮ ಕಾಲೇಜಿನಲ್ಲಿ ಬಿಬಿಎ ಪಾಸಾಗಲು ಏನೇನು ಬೇಕು ಎಂಬುದನ್ನು ನೋಟೀಸ್ ಬೋರ್ಡಿಗೆ ಅಂಟಿಸಿರುತ್ತಾರೆ. ಹಾಜರಿ ಇಷ್ಟಿರಬೇಕು, ಎಲ್ಲ ಪೇಪರೂ ಕ್ಲಿಯರ್ ಆಗಿರಬೇಕು, ಕೊನೆಯ ಸೆಮಿಸ್ಟರ್ ಪೂರ್ತಿ ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಅವರ ಲೆಟರ್‌ಹೆಡ್ಡಿನಲ್ಲಿ ಸೀಲು ಸಹಿ ಸಮೇತ ಸರ್ಟಿಫಿಕೇಟ್ ತಂದು ವೈವಾಕ್ಕೆ ಕೂರಬೇಕು. ಮೊದಲ ಎರಡನ್ನು ನಾನು ಹಾಸ್ಟೆಲ್ ಅನ್ನ ತಿಂದುಕೊಂಡು ಹೇಗೋ ಮುಗಿಸಿದ್ದೆ. ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ಸಿಕ್ಕಿಹಾಕಿಕೊಳ್ಳಬೇಕೆಂದೇನೂ ಇರಲಿಲ್ಲ, ನನ್ನ ಬುದ್ಧಿ ಹಾಗಿದೆ.

ನಮ್ಮ ಕ್ಲಾಸಿನಲ್ಲಿ ಇಂಟರ್ನ್‌ಶಿಪ್ ಎಂದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಯಾವುದೋ ಊರಿನ ಯಾವುದೋ ಕಂಪನಿ ಎಲ್ಲರಿಗೂ ಒಂದೇ ಸಲ ಸರ್ಟಿಫಿಕೇಟ್ ಕಳಿಸುತ್ತದೆ, ಹೆಸರು ಮಾತ್ರ ಬೇರೆ ಬೇರೆ. ಇಂಟರ್ನ್‌ಶಿಪ್ ನೋಡಿಕೊಳ್ಳುವ ಮುರಳಿಕೃಷ್ಣ ಸರ್ ನನ್ನ ಹೆಸರನ್ನೂ ಅದಕ್ಕೆ ಸೇರಿಸಲು ಹೊರಟಾಗ ಬೇಡವೆಂದೆ. ನಿಯಮದಲ್ಲಿ "ವಿದ್ಯಾರ್ಥಿಯು ಸಂಸ್ಥೆಯ ಮುಖ್ಯ ಕೆಲಸದಲ್ಲಿ ನೇರವಾಗಿ ಪಾಲ್ಗೊಳ್ಳಬೇಕು" ಎಂದು ಬರೆದಿದೆಯಲ್ಲ ಸರ್ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಹೇಮಾವತಿ, ರೂಲ್ಸಿಗೆ ಬೇಕಾಗಿರೋದು ಸರ್ಟಿಫಿಕೇಟಮ್ಮಾ. ಕೆಲಸ ಅಲ್ಲ."

ಆ ಮಾತು ನನಗೆ ಮೆಣಸಿನಕಾಯಿ ಕಡಿದಂತಾಯಿತು. ಕೆಲಸ ಮಾಡಿಯೇ ತರುತ್ತೇನೆ ನೋಡಿ ಎಂದು ಹೇಳಿ ಹೊರಗೆ ಬಂದೆ. ತಾರದೆ ಹೋದರೆ ಒಂದು ವರ್ಷ ಹೋಗುತ್ತಿತ್ತು. ಇನ್ನೊಂದು ವರ್ಷ ಓದಿಸುವ ಮಾತೇ ಇಲ್ಲ ಎಂದು ಕಲ್ಯಾಣದುರ್ಗದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಪ್ಪ ಮೊದಲೇ ಹೇಳಿದ್ದರು. ಡಿಗ್ರಿ ಬಂದರೆ ಆ ವರ್ಷವೇ ಬರಬೇಕು, ಇಲ್ಲದಿದ್ದರೆ ಇಲ್ಲ.

ಅಮ್ಮನ ಅಣ್ಣ ದೊಡ್ಡಬಸಪ್ಪ ಮಾವನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ತಾತನ ಕಾಲದ್ದು. ರೊದ್ದಂ, ಚಿಲಮತ್ತೂರು ಕಡೆಯ ರೈತರು ಹಣ್ಣು ತರುತ್ತಾರೆ, ದೂರದ ಊರುಗಳಿಂದ ಖರೀದಿದಾರರು ಲಾರಿ ತರುತ್ತಾರೆ, ಮಾವ ನಡುವೆ ನಿಂತು ಕಮಿಷನ್ ತೆಗೆದುಕೊಳ್ಳುತ್ತಾರೆ. ನಾನು ಹೋಗಿ ವಿಷಯ ಹೇಳಿದ್ದೇ ತಡ, ಮಾವ ಲೆಟರ್‌ಹೆಡ್ ತರಿಸಿ, ಇನ್ನೂ ಶುರುವೇ ಆಗದ ಇಂಟರ್ನ್‌ಶಿಪ್ಪನ್ನು ನಾನು ಯಶಸ್ವಿಯಾಗಿ ಮುಗಿಸಿದ್ದೇನೆ ಎಂದು ಗುಮಾಸ್ತನ ಕೈಯಲ್ಲಿ ಬರೆಸಿ ಸಹಿ ಹಾಕಿಬಿಟ್ಟರು.

"ತಗಳಮ್ಮಿ, ಸೀಲೂ ಹಾಕಿವ್ನಿ. ಊರ್ಗೋಗಿ ಅಮ್ಮನ್ ಜೊತೆ ಹಾಯಾಗಿರು. ಮಂಡಿ ಹೆಣ್ಮಕ್ಳ ಜಾಗ ಅಲ್ಲ ಕಣಮ್ಮಿ."

ಆಗ ಮಂಡಿಯ ಅಂಗಳದಲ್ಲಿ ಸಾಲಾಗಿ ಕೂತು ಹುಣಸೆಹಣ್ಣು ಜಜ್ಜಿ, ನಾರು ಬಿಡಿಸಿ, ಬೀಜ ತೆಗೆಯುತ್ತಿದ್ದವರೆಲ್ಲ ಹೆಂಗಸರೇ. ಅವರು ಮಾವನ ಕಣ್ಣಿಗೆ ಹೆಣ್ಣುಮಕ್ಕಳಾಗಿ ಕಾಣಲಿಲ್ಲವೋ, ಅಂಗಳ ಮಂಡಿಗೆ ಸೇರಿರಲಿಲ್ಲವೋ, ನಾನು ಕೇಳಲಿಲ್ಲ. ಕಾಗದ ತೆಗೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತಿತ್ತು. ಮುರಳಿಕೃಷ್ಣ ಸರ್ ಕೊಡುತ್ತಿದ್ದ ಸುಳ್ಳಿಗೂ ಮಾವ ಕೊಟ್ಟ ಸುಳ್ಳಿಗೂ, ಇದು ಸಂಬಂಧಿಕರ ಸುಳ್ಳು ಎಂಬುದಷ್ಟೇ ವ್ಯತ್ಯಾಸ.

ಅಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಸರ್ವಮಂಗಳಮ್ಮ ಎಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಸಮಾಧಾನದ ಹೆಂಗಸು. ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ಪೂರ್ತಿ ಓದಿದಳು. ಅವಳ ಮುಖ ಅಷ್ಟು ಬಿಗಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಮ್ಮಪ್ಪ ಹೋದಾಗ ನಿಮ್ಮಾವ ನಂಗೊಂದು ಸೀರೆ ಕೊಟ್ಟು, ಮಂಡೀಲಿ ಪಾಲು ಬ್ಯಾಡ ಅಂತ ನನ್ ಸೈನ್ ತಗಂಡು ಮನೆಗ್ ಕಳಿಸ್ಬುಟ್ಟ. ಇವತ್ತು ತನ್ ಸೈನ್ ಕೊಟ್ಟು ನಿನ್ನ ಕಳ್ಸವ್ನೆ. ಎಲ್ಡೂ ಒಂದೇ ಕಣಮ್ಮಿ. ಮಂಡಿ ಮನೇಲಿ ಹುಟ್ಟಿದೋಳು ನಾನು, ಒಂದಿನ ತೂಕದ್ ಕಾಟಾ ಹತ್ರ ನಿಲ್ಲಕ್ಕೆ ಬಿಡ್ಲಿಲ್ಲ."

ನಾನು ಆ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಅಮ್ಮ ತಡೆಯಲಿಲ್ಲ, ಅದೇ ಉರಿಯಲ್ಲಿ ಮುಂದಿನ ರೊಟ್ಟಿ ಬೇಯಿಸಿದಳು. ಆಮೇಲೆ ಸೆರಗಿನ ಕೆಳಗೆ ನನ್ನ ಕೈ ಹಿಡಿದು ಬೆರಳು ಒತ್ತಿದಳು. ಇದು ನನ್ನ ಚಿಕ್ಕಂದಿನ ಆಟ. ಯಾವ ಬೆರಳು ಒತ್ತಿದರೆ ಎಷ್ಟು, ಎರಡು ಸೇರಿಸಿ ಒತ್ತಿದರೆ ಎಷ್ಟು, ಅಂಗೈ ಕೆರೆದರೆ ಅರ್ಧ. ತಾತ ಅವಳಿಗೆ ಕಲಿಸಿದ್ದನ್ನು ಅವಳು ನನಗೆ ಕಲಿಸಿದ್ದಳು. ಮಂಡಿಯಲ್ಲಿ ದರ ಹೇಳುವ ಭಾಷೆ ಅದೇ. ಮಂಡಿಯ ಹೊಸಿಲು ದಾಟದ ಅಮ್ಮನಿಗೆ ಮಂಡಿಯ ಗುಟ್ಟೆಲ್ಲ ಬೆರಳ ತುದಿಯಲ್ಲಿತ್ತು.

ವಾಪಸು ಹೋಗಿ ಕೆಲಸ ಮಾಡಿಯೇ ಸರ್ಟಿಫಿಕೇಟ್ ತೆಗೆದುಕೊಳ್ಳುತ್ತೇನೆ ಎಂದು ಮಾವನ ಮುಂದೆ ನಿಂತೆ. ತಂಗಿಯ ಮಗಳನ್ನು ಬೀದಿಗೆ ತಳ್ಳಲಾಗದೆ ಮಾವ ಕಾಟಾ ಪಕ್ಕದಲ್ಲೊಂದು ಸ್ಟೂಲು ಹಾಕಿಸಿದರು. ತೂಕ ಬರೆದುಕೊಂಡೆ, ಚೀಲಕ್ಕೆ ಗುರುತು ಹಾಕಿದೆ, ಹಣ್ಣಿನ ಬಣ್ಣ ನೋಡಿ ಬೇರ್ಪಡಿಸುವುದನ್ನು ಅಂಗಳದ ಹೆಂಗಸರ ಹತ್ತಿರ ಕಲಿತೆ. ಆದರೆ ಮಂಡಿಯ ಮುಖ್ಯ ಕೆಲಸ ನಡೆಯುತ್ತಿದ್ದದ್ದು ಟವೆಲ್ಲಿನ ಕೆಳಗೆ. ಮಾವ ಬಲಗೈ ಮೇಲೆ ಟವೆಲ್ ಹೊದಿಸಿ ನಿಲ್ಲುತ್ತಿದ್ದರು. ಖರೀದಿದಾರರು ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ಕೈಯಿಟ್ಟು, ಮಾವನ ಬೆರಳು ಒತ್ತಿ ತಮ್ಮ ದರ ಹೇಳುತ್ತಿದ್ದರು. ಒಬ್ಬನ ದರ ಇನ್ನೊಬ್ಬನಿಗೆ ತಿಳಿಯದು. ಹಣ್ಣು ತಂದವರಿಗಂತೂ ತಿಳಿಯದು. ಕೊನೆಗೆ ಮಾವ ಯಾವ ದರ ಹೇಳುತ್ತಾರೋ ಅದೇ ದರ. ಎಲ್ಲ ದರವೂ ಗೊತ್ತಿದ್ದ ಕೈ ಮಂಡಿಯಲ್ಲಿ ಒಂದೇ ಇತ್ತು. ಮಾವನ ಮನೆಗೆ ಮೇಲಿನ ಮಹಡಿ ಕಟ್ಟಿದ್ದೂ ಆ ಕೈಯೇ.

ಮಾರ್ಚಿನಲ್ಲಿ, ಹಣ್ಣು ಒತ್ತರಿಸಿಕೊಂಡು ಬರುವ ಕಾಲದಲ್ಲಿ, ಜೋಡಿಸಿದ್ದ ಚೀಲಗಳ ಸಾಲು ಜಾರಿ ಮಾವನ ಬಲಗೈ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಬೆರಳುಗಳನ್ನೆಲ್ಲ ಸೇರಿಸಿ ಕಟ್ಟು ಹಾಕಿದರು. ಎಡಗೈಯಲ್ಲಿ ವ್ಯಾಪಾರ ಮಾಡುವುದು ನಮ್ಮಲ್ಲಿ ಯಾರೂ ಒಪ್ಪದ ಮಾತು. ಗುಮಾಸ್ತನ ಕೈ ಟವೆಲ್ಲಿನ ಕೆಳಗೆ ಹೋದರೆ ಗುಟ್ಟು ಅವನ ಪಾಲಾಗುತ್ತದೆ. ಬೈಕ್ ಶೋರೂಮ್ ನಡೆಸುವ ಮಗ ವಿಜಯಕುಮಾರನಿಗೆ ಬೆರಳ ಲೆಕ್ಕ ಗೊತ್ತಿಲ್ಲ. ಅಂಗಳದ ತುಂಬ ಹಣ್ಣು, ರಸ್ತೆಯಲ್ಲಿ ಲಾರಿಗಳು, ಕಾದು ಕಾದು ಗೊಣಗುತ್ತಿದ್ದ ರೈತರು. ಮನೆಯವರದೇ ಕೈ ಬೇಕಿತ್ತು. ನಾನು ನನ್ನ ಕೈ ಚಾಚಿದೆ.

ಮಾವ ನಂಬಲಿಲ್ಲ. ಅವರ ಎಡಗೈ ಹಿಡಿದು ನಾಲ್ಕಾರು ದರ ಒತ್ತಿ ತೋರಿಸಿದೆ. ಯಾರು ಕಲಿಸಿದರು ಎಂದು ಅವರು ಕೇಳಲಿಲ್ಲ, ಗೊತ್ತಾಗಿರಬೇಕು. ಬಾಯಿ ಬಿಗಿದುಕೊಂಡು ಟವೆಲ್ ಕೊಟ್ಟು, ಬಂದ ದರವನ್ನು ತಮ್ಮ ಕಿವಿಯಲ್ಲಿ ಮಾತ್ರ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಕೈ ಮೇಲೆ ಟವೆಲ್ ಹೊದಿಸಿ ನಿಂತೆ. ಖರೀದಿದಾರರಲ್ಲಿ ಹಿರಿಯರಾದ ರಾಮಲಿಂಗಯ್ಯ ಮುಂದೆ ಬಂದವರು ಹಾಗೆಯೇ ಹಿಂದೆ ಸರಿದರು.

"ಆಡಪಿಲ್ಲ ಕೈ ನಾನೆಂಗಮ್ಮ ಹಿಡೀಲಿ? ನಮ್ ಮನೇಲೂ ಹೆಣ್ಮಕ್ಳವ್ರೆ."

ಅವರ ಹಿಂದಿದ್ದವರೂ ತಲೆ ತಗ್ಗಿಸಿದರು. ಪಾಪ, ಅವರದು ಮರ್ಯಾದೆಯೇ. ಆದರೆ ಆ ಮರ್ಯಾದೆಯಿಂದಲೇ ನಮ್ಮಮ್ಮ ಜೀವಮಾನವಿಡೀ ಹೊಸಿಲಾಚೆ ನಿಂತದ್ದು. ನನಗೆ ಎಲ್ಲಿತ್ತೋ ಕೋಪ, ಟವೆಲ್ ಕಿತ್ತು ಹೆಗಲ ಮೇಲೆ ಹಾಕಿಕೊಂಡೆ.

"ಕೈ ಹಿಡೀಬೇಡಿ ತಾತ. ಬಾಯಲ್ಲಿ ಹೇಳಿ."

ಮಾವ ನನ್ನ ಹೆಸರು ಹಿಡಿದು ಗದರಿಸಿದರು. ನಾನು ತಿರುಗಲಿಲ್ಲ. ರಾಮಲಿಂಗಯ್ಯ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಒಂದು ದರ ಹೇಳಿದರು. ಅದನ್ನೇ ನಾನು ಬೀಜ ತೆಗೆಯುವ ಹೆಂಗಸರ ಕೊನೆಯ ಸಾಲಿಗೂ ಕೇಳುವಂತೆ ಕೂಗಿದೆ. ಎರಡನೆಯವನು ಅದಕ್ಕಿಂತ ಹೆಚ್ಚು ಹೇಳಿದ. ಅದನ್ನೂ ಕೂಗಿದೆ. ಮೂರನೆಯವನು ಇನ್ನೂ ಏರಿಸಿದ. ಅಂಗಳದಲ್ಲಿ ಹಣ್ಣು ಜಜ್ಜುವ ಕಲ್ಲಿನ ಸದ್ದು ನಿಂತಿತು. ರೊದ್ದಂ ಕಡೆಯಿಂದ ಸ್ವಂತ ಮರದ ಹಣ್ಣು ತಂದಿದ್ದ ಕೊಂಡಮ್ಮ ಚೀಲದ ಮೇಲಿಂದ ಎದ್ದು ನಿಂತಳು. ಹಿಂದಿನ ವಾರ ಇಂಥದೇ ಹಣ್ಣಿಗೆ ಮಾವ ಹೇಳಿದ್ದ ತೀರಾ ಕಡಿಮೆ ದರ ಅವಳಿಗೆ ಮರೆತಿರಲಿಲ್ಲ.

"ಅಣ್ಣಾ," ಎಂದಳು ಮಾವನ ಕಡೆ ತಿರುಗಿ, "ಹೋದ್ವಾರ ನಿನ್ ಬೆರಳ್ಗೆ ಕಿವಿ ಕೇಳ್ತಿರ್ಲಿಲ್ವಾ?"

ಅಂಗಳವೇ ನಕ್ಕಿತು. ಮಾವ ಕಟ್ಟು ಹಾಕಿದ ಕೈ ಎತ್ತಿಕೊಂಡು ಒಳಗೆ ಹೋದರು. ಅವರ ಬೆನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ಮುಂದಿನ ಚೀಲದ ದರ ಕೂಗಿದೆ.

ಕಟ್ಟು ಬಿಚ್ಚಿದ ದಿನ ಮಾವ ಹೊಸ ಟವೆಲ್ ಹಾಕಿಕೊಂಡು ಬಂದರು. ಕೊಂಡಮ್ಮನೂ ಅವಳ ಜೊತೆಯವರೂ ಚೀಲದ ಬಾಯಿ ಬಿಚ್ಚಲಿಲ್ಲ. ಬಾಯಿಬಿಟ್ಟು ದರ ಹೇಳದಿದ್ದರೆ ಎದುರು ಮಂಡಿಗೆ ಹೋಗುತ್ತೇವೆ ಎಂದರು. ಎದುರು ಮಂಡಿಯಲ್ಲೂ ಇದ್ದದ್ದು ಟವೆಲ್ಲೇ, ಆದರೆ ಹೆದರಿದವರಿಗೆ ಅದೆಲ್ಲ ಹೊಳೆಯುವುದಿಲ್ಲ. ಮಾವ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡರು. ಸೀಜನ್ ಮುಗಿಯುವವರೆಗೂ ನನ್ನ ಜೊತೆ ಒಂದು ಮಾತು ಆಡಲಿಲ್ಲ.

ವೈವಾ ಹತ್ತಿರ ಬಂತು. ಹೋಗಿ ಸರ್ಟಿಫಿಕೇಟ್ ಕೇಳಿದೆ.

"ನಿಂಗಾ?" ಎಂದರು ಮಾವ. "ನಮ್ಮಪ್ಪನ್ ಕಾಲದ್ ಮಂಡಿ ಮಾನ ಕಳ್ದೋಳು ನೀನು, ನನ್ ಕೈಲಿ ಒಳ್ಳೆ ಮಾತು ಬರೆಸ್ಕಂಡು ಹೋಯ್ತೀಯಾ?"

"ಒಳ್ಳೇದು ಬರೀರಿ ಅಂತ ಕೇಳ್ಲಿಲ್ಲ ಮಾವ. ನಾನ್ ಮಾಡಿದ್ದು ಬರೀರಿ. ಬೈದೇ ಬರೀರಿ. ಸೀಲು ಮಾತ್ರ ಹಾಕಿ."

ಮಾವನಿಗೆ ರೋಷ ಉಕ್ಕಿತು. ಇನ್ನು ಯಾವ ಮಂಡಿಯವನೂ ನಿನ್ನನ್ನು ಒಳಗೆ ಬಿಡದ ಹಾಗೆ ಬರೆಯುತ್ತೇನೆ ತಡಿ ಎಂದು ಲೆಟರ್‌ಹೆಡ್ ಎಳೆದುಕೊಂಡು, ಗುಮಾಸ್ತನನ್ನು ಕರೆಯದೆ, ಈಗಷ್ಟೇ ಕೂಡಿಕೊಂಡ ಬೆರಳುಗಳಲ್ಲಿ ತಾವೇ ತೆಲುಗಿನಲ್ಲಿ ಬರೆದರು. ಈ ಹುಡುಗಿ ಸೆಮಿಸ್ಟರ್ ಪೂರ್ತಿ ಒಂದು ದಿನವೂ ತಪ್ಪದೆ ಮಂಡಿಗೆ ಬಂದಳು. ತೂಕ, ಗುರುತು, ಹಣ್ಣಿನ ದರ್ಜೆ ಎಲ್ಲದರಲ್ಲೂ ತಲೆ ಹಾಕಿದಳು. ಹಿರಿಯರ ಮಾತು ಮೀರಿ ಟವೆಲ್ ತೆಗೆದು, ದರವನ್ನು ಎಲ್ಲರಿಗೂ ಕೇಳುವಂತೆ ಕೂಗಿ, ತಲೆಮಾರುಗಳ ಪದ್ಧತಿಯನ್ನು ನಿಲ್ಲಿಸಿ ನಮ್ಮ ವ್ಯಾಪಾರವನ್ನು ಕೆಡಿಸಿದಳು. ಇವಳನ್ನು ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಬಾರದು. ಕೆಳಗೆ ಸಹಿ. ಸೀಲನ್ನು ಮೇಜು ಅದುರುವಂತೆ ಗುದ್ದಿದರು. ನಾನು ಕಾಲಿಗೆ ನಮಸ್ಕಾರ ಮಾಡಿ ತೆಗೆದುಕೊಂಡೆ.

ಮುರಳಿಕೃಷ್ಣ ಸರ್ ಅದನ್ನು ಓದಿ ತಲೆ ಮೇಲೆ ಕೈ ಹೊತ್ತರು. ಎಲ್ಲರಂತೆ ಒಂದು ತರಿಸಿಕೊಡುತ್ತೇನೆ, ಇದನ್ನು ಮಾತ್ರ ತೋರಿಸಬೇಡ ಎಂದು ಬೇಡಿಕೊಂಡರು. ನಾನು ಒಪ್ಪಲಿಲ್ಲ. ರಾತ್ರಿ ನಿದ್ದೆ ಬರದಷ್ಟು ಹೆದರಿದ್ದೆ, ಆದರೂ ಒಪ್ಪಲಿಲ್ಲ.

ಅನಂತಪುರದಿಂದ ಬಂದಿದ್ದ ಎಕ್ಸ್‌ಟರ್ನಲ್ ಮೇಡಂ ಮುಂದೆ ಸರ್ಟಿಫಿಕೇಟುಗಳ ರಾಶಿಯಿತ್ತು. ಎಲ್ಲದರಲ್ಲೂ ಶ್ರದ್ಧೆ, ಎಲ್ಲದರಲ್ಲೂ ಶಿಸ್ತು, ಎಲ್ಲರಿಗೂ ಉಜ್ವಲ ಭವಿಷ್ಯ. ನನ್ನದು ಕೈಗೆ ಬಂದಾಗ ಅವರು ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಓದಿದರು. ಸರ್ ಏನೋ ಹೇಳಲು ಹೊರಟರು, ಮೇಡಂ ಕೈಯೆತ್ತಿ ಸುಮ್ಮನಿರಿಸಿದರು. ಇದರಲ್ಲಿರುವುದೆಲ್ಲ ನಿಜವೇ ಎಂದು ನನ್ನನ್ನು ಕೇಳಿದರು.

"ಒಂದು ಬಿಟ್ಟು ಎಲ್ಲಾ ನಿಜ ಮೇಡಂ. ವ್ಯಾಪಾರ ಕೆಡಲಿಲ್ಲ. ಸೀಜನ್ ಕೊನೇಲಿ ಮೊದಲಿಗಿಂತ ಹೆಚ್ಚು ಚೀಲ ಬಂದವು. ಕೆಟ್ಟಿದ್ದು ಟವೆಲ್ ಮಾತ್ರ."

ಅವರು ನೋಟೀಸ್ ಬೋರ್ಡಿನ ಆ ನಿಯಮವನ್ನು ಸರ್ ಕೈಯಲ್ಲಿಯೇ ಗಟ್ಟಿಯಾಗಿ ಓದಿಸಿದರು. ಸಂಸ್ಥೆಯ ಮುಖ್ಯ ಕೆಲಸದಲ್ಲಿ ನೇರವಾಗಿ ಪಾಲ್ಗೊಳ್ಳಬೇಕು. ಈ ರಾಶಿಯಲ್ಲಿ ಅದಕ್ಕೆ ಸಾಕ್ಷಿ ಹೇಳುವ ಕಾಗದ ಇದೊಂದೇ ಎಂದು ಹೇಳಿ ಸಹಿ ಹಾಕಿದರು. ಇಂಟರ್ನಲ್ ಮಾರ್ಕಿನಲ್ಲಿ ಸರ್ ಕೈ ಬಿಗಿಹಿಡಿದರು. ಹಾಗಾಗಿ ತರಿಸಿಕೊಂಡವರಿಗೆ ಫಸ್ಟ್ ಕ್ಲಾಸ್, ಬೈಸಿಕೊಂಡವಳಿಗೆ ಸೆಕೆಂಡ್ ಕ್ಲಾಸ್. ಇರಲಿ, ಡಿಗ್ರಿ ಡಿಗ್ರಿಯೇ.

ಆ ಡಿಗ್ರಿ ಈಗ ಕಲ್ಯಾಣದುರ್ಗದ ನಮ್ಮ ಮನೆಯ ಬೀರುವಿನಲ್ಲಿದೆ. ಗೋಡೆಯ ಮೇಲೆ ಅಮ್ಮ ತೂಗುಹಾಕಿರುವುದು ಮಾವನ ಸರ್ಟಿಫಿಕೇಟನ್ನು, ಅಪ್ಪನ ಪಾತ್ರೆ ಅಂಗಡಿಯ ಪಕ್ಕದ ಅಂಗಡಿಯಲ್ಲಿ ಚೌಕಟ್ಟು ಕಟ್ಟಿಸಿ. ಹೋದ ತಿಂಗಳು ಮಾವ ವಿಜಯಕುಮಾರನ ಮದುವೆಗೆ ಕರೆಯಲು ಬಂದರು. ಅಮ್ಮನಿಗೆಂದು ರೇಷ್ಮೆ ಸೀರೆ ತಂದಿದ್ದರು. ಕಾಫಿ ಲೋಟ ಎತ್ತಿದವರ ಕಣ್ಣು ಗೋಡೆಗೆ ಬಿತ್ತು. ತಮ್ಮದೇ ಅಕ್ಷರ, ತಮ್ಮದೇ ಸೀಲು. ಓದುತ್ತ ಓದುತ್ತ ಕಾಫಿ ಆರಿತು.

ಅಮ್ಮ ಸೀರೆಯ ಪೊಟ್ಟಣವನ್ನು ಬಿಚ್ಚದೆ ಅವರ ಪಕ್ಕದಲ್ಲಿಟ್ಟಳು.

"ಅವತ್ತಿನ್ ಸೀರೆ ಹರಿದೋಯ್ತು ಅಣ್ಣಾ," ಎಂದಳು. "ಇದು ಹರಿಯಲ್ಲ. ಗಾಜು ಹಾಕ್ಸಿವ್ನಿ."