ಕಸ್ತೂರಮ್ಮನ ತಿಂಡಿ ಡಬ್ಬಿ

ಎಪ್ಪತ್ತೆಂಟರ ಬೇಸಿಗೆ ರಜೆ. ಜಗಳೂರಿನ ಷಣ್ಮುಖಪ್ಪನವರ ಮನೆಯ ಅಂಬಾಸಿಡರ್ ಕಾರು ನ್ಯಾಮತಿಗೆ ಹೊರಟು ನಿಂತಿತ್ತು. ಹಿರಿಸೊಸೆ ಕಸ್ತೂರಮ್ಮನ ತವರು ಅಲ್ಲಿ. ಕಿರಿಸೊಸೆ ರುದ್ರಾಣಿ ಮಗಳು ನೀಲಾಳನ್ನು ಹತ್ತಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ವರ್ಷದಿಂದ ಹೊಟ್ಟೆಯೊಳಗೆ ಸುಡುತ್ತಿದ್ದ ಕಿಚ್ಚನ್ನು ಇವತ್ತು ತೀರಿಸಿಕೊಳ್ಳಲೇಬೇಕೆಂದು ಅವಳು ಹಟ ತೊಟ್ಟಿದ್ದಳು.

ಕಾರಣ ಒಂದೇ ಒಂದು ಕೋಡುಬಳೆ. ಹೋದ ವರ್ಷ ಇದೇ ದಾರಿಯಲ್ಲಿ ನೀಲಾ ಹಸಿವು ತಾಳದೆ ಕಸ್ತೂರಮ್ಮನ ತಿಂಡಿ ಡಬ್ಬಿಗೆ ಕೈ ಹಾಕಿ ಕೋಡುಬಳೆ ತೆಗೆದು ಬಾಯಿಗಿಟ್ಟಿದ್ದಳು. ಕಸ್ತೂರಮ್ಮ ಅದನ್ನು ಮಗುವಿನ ಬಾಯಿಂದಲೇ ಕಿತ್ತು ಕಿಟಕಿಯಾಚೆ ಎಸೆದಳು. "ತವರಿಗೆ ಒಯ್ಯೋ ತಿಂಡಿ ಇದು. ಕದ್ದು ತಿನ್ನಾಕೆ ಯಾರು ಕಲಿಸಿದ್ರು ನಿನಗೆ?" ಎಂದಳು. ಅವಳ ಗಂಡುಮಕ್ಕಳಿಬ್ಬರು ಅದೇ ಡಬ್ಬಿಯ ಕರ್ಜಿಕಾಯಿ ಮೆಲ್ಲುತ್ತ ನೋಡುತ್ತಿದ್ದರು. ದಾರಿಯಲ್ಲಿ ಏನಾದರೂ ಕೊಡಿಸೋಣವೆಂದರೆ, ಮನೆಯ ಮಕ್ಕಳು ಹೋಟೆಲಿನ ತಿಂಡಿ ಮುಟ್ಟಕೂಡದೆಂದು ಮಾವನವರ ಕಟ್ಟಪ್ಪಣೆ. ನೀಲಾ ನ್ಯಾಮತಿ ತಲುಪುವ ತನಕ ಬಿಕ್ಕುತ್ತಲೇ ಇದ್ದಳು. ರುದ್ರಾಣಿ ಅದನ್ನು ಮರೆಯಲಿಲ್ಲ.

ತವರಿಗೆ ಬಂದ ಮಗಳ ಡಬ್ಬಿಯನ್ನು ನೆರೆಹೊರೆಯ ಹೆಂಗಸರ ಮುಂದೆ ಬಿಚ್ಚಿ ಹಂಚುವುದು ನ್ಯಾಮತಿಯ ಆ ಕೇರಿಯ ವಾಡಿಕೆ. ಗಂಡನ ಮನೆಯಲ್ಲಿ ಮಗಳ ಮಾತು ಎಷ್ಟು ನಡೆಯುತ್ತದೆ ಎಂಬುದನ್ನು ಡಬ್ಬಿ ನೋಡಿಯೇ ಅಳೆದುಬಿಡುತ್ತಿದ್ದರು. ಕಸ್ತೂರಮ್ಮನ ಜೀವ ಡಬ್ಬಿಯಲ್ಲಿದ್ದದ್ದು ಅದಕ್ಕೇ. ರುದ್ರಾಣಿ ಅದರ ಮೇಲೆ ಕಣ್ಣಿಟ್ಟದ್ದೂ ಅದಕ್ಕೇ.

ಈ ಸಲ ತಿಂಡಿ ಕರಿಯುವ ಹೊತ್ತಿಗೆ ರುದ್ರಾಣಿ ತೋಳುನೋವೆಂದು ಮಲಗಿಬಿಟ್ಟಿದ್ದಳು. ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ ಎಲ್ಲವನ್ನೂ ಕಸ್ತೂರಮ್ಮ ಒಬ್ಬಳೇ ಒಲೆಯ ಮುಂದೆ ಬೆಂದು ಕರಿದಿದ್ದಳು. ಆ ದಣಿವಿಗೆ ದಾವಣಗೆರೆ ದಾಟುವಷ್ಟರಲ್ಲಿ ಮುಂದಿನ ಸೀಟಿನಲ್ಲಿ, ಕಾರು ಓಡಿಸುತ್ತಿದ್ದ ಗಂಡ ಹಾಲಸ್ವಾಮಿಯ ಪಕ್ಕ, ಕತ್ತು ವಾಲಿಸಿ ಗೊರಕೆ ಹೊಡೆಯತೊಡಗಿದಳು. ಡಬ್ಬಿ ಹಿಂದೆ ರುದ್ರಾಣಿಯ ಕಾಲ ಬಳಿ ಇತ್ತು.

"ತಿನ್ರೋ," ಎಂದು ರುದ್ರಾಣಿ ಮೆಲ್ಲಗೆ ಮುಚ್ಚಳ ತೆಗೆದಳು. "ನಿಮ್ಮವ್ವ ಮಾಡಿದ್ದೇ ಐತೆ." ಪಕ್ಕದಲ್ಲಿದ್ದ ಕಸ್ತೂರಮ್ಮನ ಹುಡುಗರು ಎರಡು ಸಲ ಹೇಳಿಸಿಕೊಳ್ಳಲಿಲ್ಲ. ನೀಲಾಳಿಗೂ ಮಡಿಲು ತುಂಬ ಕೊಟ್ಟಳು.

ಹೊನ್ನಾಳಿ ಸೇತುವೆಯ ಹತ್ತಿರ ಕಾರಿನ ರೇಡಿಯೇಟರ್ ಕುದಿಯಿತು. ಹಾಲಸ್ವಾಮಿ ಬಾನೆಟ್ ಎತ್ತಿಟ್ಟು ನೀರು ತರಲು ಹೊಳೆಗೆ ಇಳಿದ. ಹೊಳೆಯಲ್ಲಿ ಈಜುತ್ತಿದ್ದ ಊರ ಮಕ್ಕಳೆಲ್ಲ ಕಾರು ನೋಡಲು ಓಡಿಬಂದವು. ರುದ್ರಾಣಿಗೆ ದೇವರೇ ಕಳಿಸಿದಂತಾಯಿತು. "ಹಸಿದ ಮಕ್ಕಳಿಗೆ ಕೊಟ್ರೆ ಪುಣ್ಯ ಬರತೈತೆ, ಹಂಚಿ ಬರ್ರಿ," ಎಂದು ಡಬ್ಬಿಯನ್ನು ಹುಡುಗರ ಕೈಗೇ ಕೊಟ್ಟಳು. ಅವರು ರಾಜರ ಹಾಗೆ ಹಂಚಿದರು. ಕಸ್ತೂರಮ್ಮ ಮಗ್ಗುಲು ಬದಲಿಸಿ ಮತ್ತೆ ಮಲಗಿದಳು.

ನ್ಯಾಮತಿಯಲ್ಲಿ ಡಬ್ಬಿಯನ್ನು ಒಳಗೆ ಹೊತ್ತು ತಂದವಳು ರುದ್ರಾಣಿಯೇ. ಕೇರಿಯ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಕಸ್ತೂರಮ್ಮನ ತಾಯಿ ಅನ್ನಪೂರ್ಣಮ್ಮ ಎಲ್ಲರೆದುರು ಮುಚ್ಚಳ ತೆಗೆದಳು. ತಳದಲ್ಲಿ ಚಕ್ಕುಲಿಯ ಪುಡಿ ಮಾತ್ರ ಇತ್ತು.

"ಹೊಳೆ ಹತ್ರ ಎಲ್ಲಾ ಹಂಚಿಬಿಟ್ವಿ ಅಜ್ಜಿ," ಎಂದ ಹಿರಿಯ ಹುಡುಗ, ಬೆನ್ನು ತಟ್ಟಿಸಿಕೊಳ್ಳಲು ಕಾದವನಂತೆ.

"ಅಕ್ಕನ ಮಕ್ಕಳದು ದೊಡ್ಡ ಮನಸು ಕಣ್ರಿ," ಎಂದಳು ರುದ್ರಾಣಿ.

ಕಸ್ತೂರಮ್ಮನ ಅಣ್ಣನ ಹೆಂಡತಿ ಕರಿಬಸಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಚಾಪೆಯ ಮೇಲಿದ್ದವರು ಒಬ್ಬೊಬ್ಬರೇ ಕೆಲಸದ ನೆಪ ಮಾಡಿ ಎದ್ದರು. ಕಸ್ತೂರಮ್ಮನ ಮುಖ ಕಪ್ಪಿಟ್ಟಿತು. ರುದ್ರಾಣಿ ಆ ಮುಖವನ್ನು ಕಣ್ತುಂಬ ನೋಡಿದಳು. ವರ್ಷದ ಮೇಲೆ ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ತವರಿನಲ್ಲಿ ಮುಖವೆತ್ತಿ ತಿರುಗಲಾರದೆ ಕಸ್ತೂರಮ್ಮ ಮರುದಿನ ಬೆಳಕು ಹರಿಯುವ ಮೊದಲೇ ಗಂಡನನ್ನು ಹೊರಡಿಸಿದಳು. ಯಾರಿಗೂ ಬೆಳಗಿನ ತಿಂಡಿಯಿಲ್ಲ. ಬಂದ ಡಬ್ಬಿಯನ್ನು ಬರಿದಾಗಿ ಕಳಿಸಬಾರದಲ್ಲ, ಹೊರಡುವಾಗ ತವರಿನವರೇ ಅದನ್ನು ತುಂಬಿ ಕೊಡಬೇಕು. ಕರಿಬಸಮ್ಮ ವಾಡಿಕೆ ಮುರಿಯಲಿಲ್ಲ. ಎರಡು ಅಡಿಕೆ ಹಾಕಿ ಮುಚ್ಚಿ ಕೊಟ್ಟಳು. ತಿರುಗಿ ಬರುವ ದಾರಿಯಲ್ಲೂ ಮಕ್ಕಳಿಗೆ ಹಸಿವಾಗುತ್ತದೆಂಬುದು ಸೇಡಿನ ಭರದಲ್ಲಿ ರುದ್ರಾಣಿಯ ತಲೆಗೇ ಬಂದಿರಲಿಲ್ಲ.

ಹೊನ್ನಾಳಿ ದಾಟಿತು. ಹೋಟೆಲಿನ ಬಾಗಿಲಲ್ಲಿ ಇಡ್ಲಿ ಹಬೆಯಾಡುತ್ತಿತ್ತು. ರುದ್ರಾಣಿ ಬಾಯಿಬಿಟ್ಟು ಕೇಳಿದಳು: "ಭಾವಾರೇ, ಇವತ್ತೊಂದಿನ ನಿಲ್ಸಿ." ಹಾಲಸ್ವಾಮಿ ಅಪ್ಪನ ಮಾತು ಮೀರುವವನಲ್ಲ. ಕಾರು ನಿಲ್ಲಲಿಲ್ಲ. ಹುಡುಗರು ಹೊಟ್ಟೆ ಹಿಡಿದು ಮಲಗಿದರು.

ದಾವಣಗೆರೆ ಇನ್ನೂ ದೂರವಿತ್ತು. ನೀಲಾ ಮುಂದಿನ ಸೀಟಿಗೆ ಆತುಕೊಂಡು, "ದೊಡ್ಡವ್ವಾ, ಹಸಿವು," ಎಂದಳು.

ಹಂಚಿಸಿದ್ದು ಯಾರೆಂದು ಹುಡುಗರ ಬಾಯಿಂದ ತಿಳಿದಿದ್ದ ಕಸ್ತೂರಮ್ಮ ಬೈಯಲಿಲ್ಲ. ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ಮಗುವಿನ ಮುಖದ ಹತ್ತಿರ ಹಿಡಿದಳು. ಎರಡು ಅಡಿಕೆ ತಳದಲ್ಲಿ ಉರುಳಾಡಿದವು.

"ನೋಡವ್ವ, ಇಷ್ಟೇ ಐತೆ," ಎಂದಳು ಮೆತ್ತಗೆ. "ಉಳಿದಿದ್ದು ಏನಾಯ್ತು ಅಂತ ನಿಮ್ಮವ್ವನ್ನ ಕೇಳು."

ನೀಲಾ ತಿರುಗಿ ರುದ್ರಾಣಿಯನ್ನು ಕೇಳಿದಳು.