ಗಡಿಬಿಡಿಯ ಎರಡಕ್ಷರ

ಕಣ್ಣಾಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳಿಗೆ ಎಲ್ಲರೂ ಇಟ್ಟ ಹೆಸರು ಗಡಿಬಿಡಿ. ಅವಳೇನು ಕಮ್ಮಿ? ಕಂಪ್ಯೂಟರಿಗೆ ಕೊಡುವ ಉದ್ದುದ್ದ ಆದೇಶಗಳಿಗೆಲ್ಲ ಎರಡೆರಡು ಅಕ್ಷರದ ಅಡ್ಡಹೆಸರು ಇಟ್ಟುಬಿಟ್ಟಿದ್ದಳು.

ಅವಳಿಗೆ ಕೆಲಸ ಕಲಿಸಿದವರು, ಕಳೆದ ವರ್ಷ ನಿವೃತ್ತರಾದ ಮುಖ್ಯಸ್ಥರು. ಇಡೀ ಆಸ್ಪತ್ರೆಗೆ ಮಾವ. ಮಹಾ ನಿಧಾನಸ್ಥರು. ಅಡ್ಡಹೆಸರುಗಳನ್ನು ನಿಭಾಯಿಸುವ ಪುಟ್ಟ ಟೂಲ್ ತಂದು ಹಾಕಿದವರು ಅವರೇ. ಒಂದು ಕಡೆ ಬರೆದರೆ ಎಲ್ಲ ಯಂತ್ರಗಳಿಗೂ ತಲುಪುತ್ತಿತ್ತು. ಆದರೆ ಪ್ರತಿ ಹೆಸರಿಗೂ ಎರಡು ಪ್ರಶ್ನೆ ಕೇಳುತ್ತಿತ್ತು: ಇದು ಏನು ಮಾಡುತ್ತದೆ? ಯಾವ ಯಂತ್ರದಲ್ಲಿ ಮಾಡಬಾರದು?

"ಅದನ್ನೂ ಬರಿಯಮ್ಮ," ಎನ್ನುತ್ತಿದ್ದರು ಮಾವ.

"ನನಗೆ ಗೊತ್ತಲ್ಲ ಮಾವ, ಸಾಕು ಬಿಡಿ." ನಲವತ್ತೊಂದು ಹೆಸರಿಗೂ ಎರಡೂ ಜಾಗ ಖಾಲಿ ಬಿಟ್ಟಿದ್ದಳು.

ಇವತ್ತು ಮಧ್ಯಾಹ್ನ ಸ್ಕ್ಯಾನಿಂಗ್‌ನವನು ಬಂದು, ಚಿತ್ರಗಳು ಬೇಗ ತೆರೆಯುತ್ತಿಲ್ಲ ಎಂದ. ಅವಳು ಹೋಗಿ ಸ್ಕ್ಯಾನಿಂಗ್ ಚಿತ್ರಗಳನ್ನೆಲ್ಲ ಇಡುವ ದೊಡ್ಡ ಯಂತ್ರದ ಮುಂದೆ ಕೂತಳು. ತನ್ನ ಮೇಜಿನ ಕಂಪ್ಯೂಟರ್ ನಿಧಾನವಾದಾಗ ತಾತ್ಕಾಲಿಕ ಫೋಲ್ಡರ್ ಖಾಲಿ ಮಾಡಲು ಎರಡಕ್ಷರ ಒತ್ತುವುದು ಅವಳ ರೂಢಿ. ಒತ್ತಿದಳು. ಎಂಟರೂ ಕುಟ್ಟಿದಳು.

ಆಮೇಲೆ ನೆನಪಾಯಿತು. ಈ ಯಂತ್ರದಲ್ಲಿ ನಾಳೆ ಆಪರೇಷನ್ ಆಗುವ ಹತ್ತೊಂಬತ್ತು ಜನರ ಕಣ್ಣಿನ ಚಿತ್ರಗಳು ಇರುವುದೂ ಅದೇ ಫೋಲ್ಡರಿನಲ್ಲಿ. ನಕಲು ಇಡುವ ಯಂತ್ರ ರಿಪೇರಿಗೆ ಹೋಗಿ ಮೂರು ದಿನ. ಆತುರಗಾರನಿಗೆ ಬುದ್ಧಿ ಮಟ್ಟ ಎಂದವರು ಆತುರಗಾರ್ತಿಯನ್ನು ನೋಡಿರಲಿಲ್ಲ, ಪಾಪ. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಏನಾಯ್ತಕ್ಕ?" ಎಂದ ಸ್ಕ್ಯಾನಿಂಗ್‌ನವನು.

"ಎಲ್ಲಾ ಹೋಯ್ತು ಕಣೋ."

"ಏನು ಹೋಯ್ತು? ಇಲ್ಲಿ ಏನೋ ಬರೆದಿದೆ, ನೋಡಿ."

ಒಂದು ಕಣ್ಣು ತೆರೆದಳು. ಪರದೆಯ ಮೇಲೆ ಎರಡು ಸಾಲು ಇತ್ತು.

'ಈ ಹೆಸರನ್ನು ಈ ಯಂತ್ರದಲ್ಲಿ ನಿಲ್ಲಿಸಲಾಗಿದೆ. ಕಾರಣ: ಗಡಿಬಿಡಿ ಒಂದು ದಿನ ಇಲ್ಲಿ ಕೂತೇ ಕೂರುತ್ತಾಳೆ.'

ಬೇಗ ಫೋಲ್ಡರ್ ತೆರೆದು ಎಣಿಸಿದಳು. ಹತ್ತೊಂಬತ್ತು ಜನರದೂ ಇತ್ತು. ಹೋದ ಜೀವ ಬಂದಂತಾಯಿತು. ಆಮೇಲೆ ಅಡ್ಡಹೆಸರುಗಳ ಪಟ್ಟಿ ತೆರೆದಳು. ಅವಳು ಖಾಲಿ ಬಿಟ್ಟಿದ್ದ ಜಾಗಗಳೆಲ್ಲ ತುಂಬಿದ್ದವು, ನಲವತ್ತೊಂದು ಹೆಸರಿನವೂ. ಎಲ್ಲದರ ಪಕ್ಕದಲ್ಲೂ ಮಾವ ಕೆಲಸದಲ್ಲಿದ್ದ ಕೊನೆಯ ವಾರದ ತಾರೀಖು. ಆ ವಾರ ಅವರು ಸುಮ್ಮನೆ ಕೂತು ಹೊತ್ತು ಕಳೆಯುತ್ತಿದ್ದಾರೆ ಎಂದು ಇವಳೇ ನಕ್ಕಿದ್ದಳು. ಈಗ ಅಳು, ನಗು ಎರಡೂ ಒಟ್ಟಿಗೇ ಬಂದವು.

ಫೋನ್ ಮಾಡಿದಳು. "ಮಾವ, ಇವತ್ತು ಆ ಯಂತ್ರದಲ್ಲಿ ಕೂತೆ."

ಅತ್ತಲಿಂದ ಎಂದಿನಂತೆ ನಿಧಾನವಾಗಿ ಉತ್ತರ ಬಂತು. "ಇವತ್ತಾ? ಪರವಾಗಿಲ್ವೇ, ಒಂದು ವರ್ಷ ತಡೆದಿದ್ದೀಯ. ನಾನು ಹೋದ ಮಾರನೇ ದಿನವೇ ಅಂದ್ಕೊಂಡಿದ್ದೆ."