ಮಂಗಳವಾರದ ಗೆಳತಿ

ಮೊರಬದಿಂದ ನವಲಗುಂದಕ್ಕೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಕಾಲೇಜು ಹುಡುಗಿಯರದೇ ಗದ್ದಲ. ಹೈಸ್ಕೂಲಿನಿಂದಲೂ ತಹಸೀನ್ ಮತ್ತು ನೇತ್ರಾ ಒಂದೇ ಸೀಟಿನವರು. ತಹಸೀನಳಿಗೆ ಮಾತು ಹೆಚ್ಚು, ನೇತ್ರಾಳಿಗೆ ಕೇಳುವ ತಾಳ್ಮೆ ಹೆಚ್ಚು. ನೇತ್ರಾಳ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಹಸೀನಳಿಗೆ. ತಹಸೀನಳ ಚಿತ್ರಾನ್ನ ನೇತ್ರಾಳಿಗೆ. ಇದು ಹೀಗೆಯೇ ನಡೆಯುತ್ತದೆ ಎಂದು ತಹಸೀನ್ ನಂಬಿದ್ದಳು.

ಆ ದಿನ ಬಸ್ಸು ಹತ್ತಿದಾಗ ನೇತ್ರಾಳ ಪಕ್ಕದಲ್ಲಿ ರೂಬಿನಾ ಕುಳಿತಿದ್ದಳು.

"ಇವತ್ತೊಂದಿನ ಹಿಂದ ಕುಂದರ ತಹಸೀನ್," ಎಂದಳು ನೇತ್ರಾ, ಮುಖ ನೋಡದೆ.

ಒಂದು ದಿನ ಹೋಗಿ ವಾರಗಳಾದವು. ರೂಬಿನಾ ತಹಸೀನಳ ಓಣಿಯವಳೇ, ವಯಸ್ಸಿನಲ್ಲಿ ತುಸು ದೊಡ್ಡವಳು. ಎರಡು ವರ್ಷದ ಹಿಂದೆ ಊಟ ಬಿಟ್ಟು, ಮಾತು ಬಿಟ್ಟು, ಗೋಡೆ ನೋಡುತ್ತ ಮಲಗಿದ್ದವಳು. ಮನೆಯವರು ದರ್ಗಾಕ್ಕೆ ಕರೆದೊಯ್ದರು, ತಾಯಿತ ಕಟ್ಟಿಸಿದರು. ಕೊನೆಗೆ ಧಾರವಾಡದ ಮನೋರೋಗ ಆಸ್ಪತ್ರೆಯಲ್ಲಿ ಔಷಧ ತೆಗೆದುಕೊಂಡು ಗುಣವಾಗಿ, ಬಿಟ್ಟ ಓದನ್ನು ಮತ್ತೆ ಹಿಡಿದಿದ್ದಳು. ಅವಳಿಗೆ 'ಧಾರವಾಡ ಪಾಸು' ಎಂದು ಅಡ್ಡಹೆಸರಿಟ್ಟವಳು ತಹಸೀನಳೇ. ಆ ಹೆಸರಿಗೆ ಇಡೀ ಬಸ್ಸು ನಕ್ಕಿತ್ತು.

ಅಂಥವಳಲ್ಲಿ ನೇತ್ರಾಳಿಗೆ ಕಂಡದ್ದಾದರೂ ಏನು? ಹಿಂದಿನ ಸೀಟಿನಲ್ಲಿ ಕುಳಿತು ತಹಸೀನ್ ಆ ಎರಡು ತಲೆಗಳನ್ನೇ ನೋಡುತ್ತಿದ್ದಳು. ರೂಬಿನಾ ಮೆಲ್ಲಗೆ ಏನೋ ಹೇಳುತ್ತಾಳೆ, ನೇತ್ರಾ ತಲೆಯಾಡಿಸುತ್ತಾಳೆ. ತಾನು ಹಾಡಿ ಕುಣಿದರೂ ಈಚೆಗೆ ಮುಖ ಅರಳಿಸದ ನೇತ್ರಾ, ಅವಳ ಎರಡು ಮಾತಿಗೆ ಕೈ ಹಿಡಿದುಕೊಳ್ಳುತ್ತಾಳೆ. ತಹಸೀನಳ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಸಂತೆಯಲ್ಲಿ ಇಬ್ಬರಿಗೂ ಒಂದೇ ಬಣ್ಣದ ಬಳೆ ಕೊಂಡು ತಂದಳು. ನೇತ್ರಾ ಅವನ್ನು ಚೀಲಕ್ಕೆ ಹಾಕಿಕೊಂಡಳು, ತೊಡಲಿಲ್ಲ.

ಒಂದು ಮಂಗಳವಾರ, ಎರಡನೇ ಪಾಠ ಮುಗಿಯುತ್ತಲೇ ನೇತ್ರಾ ಎದ್ದಳು. "ತಲಿ ನೋಯಾಕತ್ತೈತಿ, ಮನಿಗೆ ಹೋಗ್ತೇನಿ."

"ನಾನೂ ಬರ್ತೇನಿ."

"ಬ್ಯಾಡ, ನೀ ನೋಟ್ಸ್ ಬರಕೊ."

ಗೇಟಿನ ಬಳಿ ರೂಬಿನಾ ಕಾಯುತ್ತಿದ್ದಳು. ಇಬ್ಬರೂ ಬಸ್ ನಿಲ್ದಾಣದ ಕಡೆ ಹೋಗದೆ ಸರಕಾರಿ ಆಸ್ಪತ್ರೆಯ ದಾರಿ ಹಿಡಿದರು. ತಹಸೀನ್ ದೂರದಿಂದ ಹಿಂಬಾಲಿಸಿದಳು. 'ಮಾನಸಿಕ ಆರೋಗ್ಯ ವಿಭಾಗ, ಪ್ರತಿ ಮಂಗಳವಾರ' ಎಂದು ಬರೆದ ಕೋಣೆಯ ಮುಂದೆ ಅವರು ಕುಳಿತರು. ಚೀಟಿ ರೂಬಿನಾಳ ಕೈಯಲ್ಲಿತ್ತು.

ತಹಸೀನಳಿಗೆ ಒಮ್ಮೆಲೆ ಹಗುರವಾಯಿತು. ಹಾಗಾದರೆ ಇದು ಗೆಳೆತನವಲ್ಲ. ರೂಬಿನಾಳಿಗೆ ಮತ್ತೆ ಕೆಟ್ಟಿದೆ, ಪಾಪ, ನೇತ್ರಾಳನ್ನು ಜೊತೆಗೆ ಎಳೆದುಕೊಂಡು ತಿರುಗುತ್ತಿದ್ದಾಳೆ. ಮರುದಿನ ಬಸ್ಸಿನಲ್ಲಿ ಇಬ್ಬರು ಹುಡುಗಿಯರ ಕಿವಿಯಲ್ಲಿ ಹೇಳಿದಳು: "ಧಾರವಾಡ ಪಾಸು ರಿನೀವಲ್ ಆಗಾಕತ್ತೈತಿ. ನಾನ ಕಣ್ಣಾರೆ ನೋಡೇನಿ."

ವಾರ ತುಂಬುವಷ್ಟರಲ್ಲಿ ಮಾತು ಊರು ತುಂಬಿತು. ಚಹಾದ ಅಂಗಡಿಯಲ್ಲಿ ಹುಡುಗರು ರೂಬಿನಾಳ ಅಣ್ಣ ಶಕೀಲನಿಗೆ ಕೇಳುವಂತೆ ನಕ್ಕರು. ರೂಬಿನಾ ಕಾಲೇಜಿಗೆ ಬರುವುದು ನಿಂತಿತು.

ತಹಸೀನ್ ಮುಂದಿನ ಸೀಟಿಗೆ ಹೋಗಿ, ಪಕ್ಕದಲ್ಲಿ ಚೀಲವಿಟ್ಟು ನೇತ್ರಾಳಿಗೆ ಜಾಗ ಹಿಡಿದಳು. ನೇತ್ರಾ ಬರಲಿಲ್ಲ. ಮರುದಿನವೂ ಬರಲಿಲ್ಲ. ಫೋನು ಎತ್ತಲಿಲ್ಲ. ಗೆದ್ದ ಮೇಲೂ ಯಾಕೆ ಹೀಗೆ ಎಂದು ಸಿಟ್ಟು ಬಂತು. ಆಮೇಲೆ ಅಂಜಿಕೆ ಬಂತು.

ರವಿವಾರ ಅವರ ಮನೆಗೆ ಹೋದಳು. ನೇತ್ರಾಳ ತಾಯಿ ಮಲ್ಲಕ್ಕ ಬಾಗಿಲಲ್ಲೇ ನಿಟ್ಟುಸಿರಿಟ್ಟಳು.

"ಬಾರವಾ. ಮಕಾ ತೊಳಿಯಂಗಿಲ್ಲ, ತಲಿ ಹಿಕ್ಕೊಳ್ಳಂಗಿಲ್ಲ. ಯಾರದೋ ಕಣ್ಣು ತಾಗಿ ನೆದರಾಗೇತಿ ಅಂತ ಮಠದ ವಿಭೂತಿ ಹಚ್ಚೇನಿ. ತಲಿನೋವಿನ ಗುಳಿಗಿ ತೊಗೊಳ್ತಿದ್ಲು, ಅವೂ ಮುಗದಾವಂತ. ಒಂದಷ್ಟು ನಗಿಸವಾ, ನಿನಗ ಬರ್ತೈತಿ."

ಒಳಗಿನ ಕೋಣೆಯಲ್ಲಿ ನೇತ್ರಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಹಸೀನ್ ಕಾಲೇಜಿನ ಸುದ್ದಿ ಹೇಳಿದಳು, ಮೇಷ್ಟ್ರ ಅಣಕು ಮಾಡಿದಳು. ನೇತ್ರಾ ಇತ್ತ ತಿರುಗಲಿಲ್ಲ. ಕೊನೆಗೆ ತಡೆಯಲಾಗದೆ ಅಂದಳು: "ರೂಬಿನಾ ಬರೂದಿಲ್ಲಂತ ಇಷ್ಟ ದುಃಖೇನ ನಿನಗ? ದವಾಖಾನಿಗೆ ಆಕಿ ಹೋದ್ರ ನಿನಗೇನಾತು?"

ನೇತ್ರಾ ಮೆಲ್ಲಗೆ ತಿರುಗಿದಳು. "ತೋರಿಸಾಕ ಹೋಗಿದ್ದು ಆಕಿ ಅಲ್ಲ. ನಾನು."

ತಹಸೀನ್ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ ಬಂದಳು.

"ಏನಾತು ಅಂತ ಕೇಳಬ್ಯಾಡ. ಏನೂ ಆಗಿಲ್ಲ. ಮುಂಜಾನೆ ಕಣ್ಣು ತೆರದ್ರ, ಯಾಕ ತೆರದೆ ಅನಸ್ತೈತಿ. ರೂಬಿನಾ ನನ್ನ ಮಕಾ ನೋಡೇ ತಿಳಕೊಂಡ್ಲು. ಡಾಕ್ಟರ್ ಇದು ಜಡ್ಡು, ಔಷಧಕ್ಕ ಬಗ್ಗತೈತಿ ಅಂದ್ರು. ಒಂದಿಷ್ಟು ಬಗ್ಗಿತ್ತು. ಈಗ ಆ ಗುಳಿಗಿ ಮುಗದಾವು, ಒಬ್ಬಾಕೀನ ಅಲ್ಲಿ ಹೋಗಿ ಕುಂದ್ರಾಕ ಧೈರ್ಯ ಸಾಲವಲ್ದು."

"ನನಗ್ಯಾಕ ಹೇಳಲಿಲ್ಲ? ಇಷ್ಟು ವರ್ಷದ ಗೆಳತಿ ನಾನು."

"ಹೇಳಬೇಕಂತನ ಒಂದಿನ ಬಂದಿದ್ದೆ. ನೀ ಬಸ್ಸಿನಾಗ ರೂಬಿನಾ ಕುತಗಿ ಸೊಟ್ಟ ಮಾಡಿ ಕಿಟಕ್ಯಾಗ ಹೆಂಗ ನೋಡ್ತಾಳ ಅಂತ ಮಾಡಿ ತೋರಸಾಕತ್ತಿದ್ದಿ. ಎಲ್ಲಾರೂ ನಕ್ರು." ನೇತ್ರಾ ಕಣ್ಣು ಮುಚ್ಚಿಕೊಂಡಳು. "ನಾನೂ ನಕ್ಕೆ."

ಮಲ್ಲಕ್ಕ ಚಹಾಕ್ಕೆ ಕರೆದದ್ದು ಹೊರಗೆ ಬಂದ ತಹಸೀನಳಿಗೆ ಕೇಳಲಿಲ್ಲ.

ರೂಬಿನಾ ತನ್ನ ಮನೆಯ ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು. ತಹಸೀನ್ ಎದುರಿಗೆ ಕುಳಿತು ತಾನೂ ಒಂದೊಂದೇ ತೊಟ್ಟು ಮುರಿಯತೊಡಗಿದಳು.

"ಆಪಾ, ಆ ಸುದ್ದಿ ಹಬ್ಬಿಸಿದಾಕಿ ನಾನು."

"ಗೊತ್ತೈತಿ."

"ತೋರಿಸಾಕ ಹೋಗಿದ್ದು ನಾ ಅಲ್ಲಂತ ಯಾಕ ಹೇಳಲಿಲ್ಲ?"

"ಹಂಗಂದಿದ್ರ, ಮತ್ಯಾರು ಅಂತ ಕೇಳ್ತಿದ್ರು. ಯಾರ ಹೆಸರು ಹೇಳಬೇಕಿತ್ತು?"

ಅಷ್ಟರಲ್ಲಿ ಶಕೀಲ್ ಮೇಲೆ ಬಂದ. ತಹಸೀನ್ ಎದ್ದು ನಿಂತು, ಹಬ್ಬಿಸಿದವಳು ತಾನೆಂದು ಅವನಿಗೂ ಹೇಳಿದಳು. ಅವನು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಾ ಏನ ಈಕಿ ವೈರಿ ಅಲ್ಲವ್ವಾ," ಎಂದ. "ಒಂದು ತುತ್ತು ಉಣಸಾಕ ಕೈಕಾಲು ಹಿಡದೇವಿ ಆಗ. ನಾಳೆ ಮದುವಿ ಮಾತು ಬರ್ತಾವು. ಮತ್ತ ಮಂದಿ ಬಾಯಾಗ ಈಕಿ ಹೆಸರು ಬೀಳಬಾರದಂತ ಮನ್ಯಾಗ ಕುಂದ್ರಿಸೇನಿ."

"ಮನ್ಯಾಗ ಕುಂದ್ರಿಸಿದ್ರ ಮಂದಿ ಹೇಳಿದ್ದು ಖರೇ ಆದಂಗ, ಭಾಯ್," ಎಂದಳು ರೂಬಿನಾ, ಕೈಕೆಲಸ ನಿಲ್ಲಿಸದೆ. "ನನಗ ಜಡ್ಡ ಬಂದಿತ್ತು, ಹೋತು. ಕದ್ದಿಲ್ಲ, ಸುಳ್ಳು ಹೇಳಿಲ್ಲ. ಮಂಗಳವಾರ ನಾ ಹೋಗ್ತೇನಿ."

ಶಕೀಲ್ ಬೇಡ ಎನ್ನದೆ ಇಳಿದು ಹೋದ.

ಮಂಗಳವಾರ ರೂಬಿನಾ ಹೋಗಿ ನೇತ್ರಾಳನ್ನು ಎಬ್ಬಿಸಿಕೊಂಡು ಬಂದಳು, ಮೂವರೂ ಹೊರಟರು. ಬಸ್ಸಿನಲ್ಲಿ ಹಿಂದಿನಿಂದ ಯಾರೋ 'ಪಾಸು' ಎಂದರು. "ಆ ಹೆಸರು ಇಟ್ಟಾಕಿ ನಾನು. ಇನ್ನ ಅನಬ್ಯಾಡ್ರಿ," ಎಂದಳು ತಹಸೀನ್. ಒಬ್ಬಳು ಸುಮ್ಮನಾದಳು, ಇನ್ನೊಬ್ಬಳು ನಕ್ಕೇ ನಕ್ಕಳು.

ಆಸ್ಪತ್ರೆಯಲ್ಲಿ ಪಾಳಿ ಬಂದಾಗ ತಹಸೀನಳೂ ಎದ್ದಳು. ನೇತ್ರಾ ತಡೆದಳು. "ಬ್ಯಾಸರ ಮಾಡಕೋಬ್ಯಾಡ. ಒಳಗ ರೂಬಿನಾ ಇರಲಿ."

ಅದೇ ಕೆಂಡ, ಅದೇ ಜಾಗ. "ಚೀಲ ನಾ ನೋಡ್ಕೋತೇನಿ," ಎಂದು ತಹಸೀನ್ ಬೆಂಚಿನ ಮೇಲೆ ಕುಳಿತಳು.

ಸ್ವಲ್ಪ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು ಅತ್ತ ಬಂದವಳು ಹನಮವ್ವ. ಮಲ್ಲಕ್ಕನ ನೆರೆಮನೆಯವಳು. ಊರ ಸುದ್ದಿಯೆಲ್ಲ ಅವಳ ಕಟ್ಟೆಯ ಮೇಲೆಯೇ ಹಾದು ಹೋಗಬೇಕು. ಬೋರ್ಡು ನೋಡಿದಳು, ತಹಸೀನಳನ್ನು ನೋಡಿದಳು.

"ಇಲ್ಲ್ಯಾಕ ಕುಂತಿ? ಒಳಗ ಮಲ್ಲಕ್ಕನ ಮಗಳು ಹೋದಂಗಾತು. ಆಕಿಗೇನಾಗೇತಿ?" ಎನ್ನುತ್ತ ಬಾಗಿಲ ಪರದೆಯ ಕಡೆ ಕೈ ಚಾಚಿದಳು.

ತಹಸೀನ್ ಎದ್ದು ಪರದೆಗೆ ಅಡ್ಡ ನಿಂತಳು. "ತೋರಿಸಾಕ ಬಂದಾಕಿ ನಾನ್ರಿ. ಅವರಿಬ್ರೂ ನನ್ನ ಜೋಡಿ ಬಂದಾರ, ಚೀಟಿ ಕೊಡಾಕ ಒಳಗ ಹೋಗ್ಯಾರ."

"ನಿನಗ? ಇಷ್ಟ ನಕ್ಕೋತ ಇರ್ತಿ?"

"ಹೌದ್ರಿ. ಮನಸಿಗೆ ಸಮಾಧಾನ ಇಲ್ರಿ."

ಬಾಯಿಗೆ ಬಂದ ಮೇಲೆ, ಅದು ಪೂರ್ತಿ ಸುಳ್ಳಲ್ಲ ಎನ್ನಿಸಿತು. ಹನಮವ್ವ "ಅಯ್ಯ ಶಿವನ" ಎಂದು ಒಂದು ಹೆಜ್ಜೆ ಹಿಂದೆ ಸರಿದು, ತಿರುತಿರುಗಿ ನೋಡುತ್ತ ಹೋದಳು. ಸಂಜೆಯೊಳಗೆ ಇದು ತನ್ನ ತಾಯಿ ಮುಮತಾಜಳ ಕಿವಿಗೆ ಬೀಳುತ್ತದೆ, ನಾಳೆ ಬಸ್ಸಿಗೆ ಹೊಸ ಅಡ್ಡಹೆಸರು ಸಿಗುತ್ತದೆ. ತಹಸೀನ್ ಮತ್ತೆ ಬೆಂಚಿನ ಮೇಲೆ ಕುಳಿತಳು. ಅಲ್ಲಿಂದ ಕದಲಲಿಲ್ಲ.

ಪರದೆ ಸರಿಸಿ ಇಬ್ಬರೂ ಹೊರಬಂದರು. ನೇತ್ರಾಳ ಕಣ್ಣುಗಳು ಕೆಂಪಾಗಿದ್ದವು.

"ಹಸಿವಾಗೇತಿ," ಎಂದಳು, ರೂಬಿನಾಳ ಕಡೆ ನೋಡುತ್ತ.

ಹನಮವ್ವನ ಸುದ್ದಿಯನ್ನು ತಹಸೀನ್ ಹೇಳಲಿಲ್ಲ. ಮೂರೂ ಚೀಲಗಳನ್ನು ಹೆಗಲಿಗೇರಿಸಿ, "ನಡೀರಿ, ಗಿರಮಿಟ್ ತಿನ್ನೂಣು," ಎಂದಳು. ಮುಂದೆ ಅವರಿಬ್ಬರೂ ಕೈ ಹಿಡಿದು ನಡೆದರು. ಆ ಕೈ ಬಿಡಿಸಿ ನಡುವೆ ತೂರಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟು ಹಿಂದಿನಿಂದ ಕೇಳಿದಳು:

"ಮತ್ತ ಯಾವಾಗ ಬಾ ಅಂದಾರ ಡಾಕ್ಟರು? ನಾನೂ ಬರ್ತೇನಿ. ಹೊರಗ ಕುಂದರ್ತೇನಿ."